ಬಾಲರಾಜನ ಕಾಲದ ಒಂದು ಹಳ್ಳಿಯ ದೇವಾಲಯ

(ಶತಮಾನೋತ್ಸವದ ಸಭೆಯಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ನೂರು ವರ್ಷ ತುಂಬಿದ ದೇವಾಲಯವೆಂದೊಡನೆ ನಮ್ಮ ದೃಷ್ಟಿ ಗೋಡೆ ಗೋಪುರಗಳತ್ತ ಹರಿಯುವುದು ಸಹಜ. ಆದರೆ ದೇವಾಲಯವು ಯಾರಿಂದ ಉಳಿಯುತ್ತದೆ? ಈ ಪ್ರಶ್ನೆಗೆ ಇಂಗ್ಲೆಂಡಿನ ಚರಿತ್ರೆಯಲ್ಲಿ ಒಂದು ಉತ್ತರವುಂಟು.

1547ರ ಜನವರಿ 28ರಂದು ಎಂಟನೆಯ ಹೆನ್ರಿ ತೀರಿಕೊಂಡಾಗ ಪಟ್ಟಕ್ಕೆ ಬಂದ ಆರನೆಯ ಎಡ್ವರ್ಡನಿಗೆ ಒಂಬತ್ತೇ ವರ್ಷ. ಹೆನ್ರಿಯು ಉಯಿಲಿನಲ್ಲಿ ಹದಿನಾರು ಮಂದಿಯ ಮಂಡಲಿಯನ್ನು ನೇಮಿಸಿದ್ದನು. ಆದರೂ ಕೆಲವೇ ದಿನಗಳಲ್ಲಿ ಬಾಲಕನ ಸೋದರಮಾವ ಎಡ್ವರ್ಡ್ ಸೀಮೋರನು ರಾಜ್ಯರಕ್ಷಕನಾಗಿ, ಸಾಮರ್ಸೆಟ್ಟಿನ ಡ್ಯೂಕನೆನಿಸಿದನು. ಹೆನ್ರಿಯು 1534ರಲ್ಲಿ ಜಗದ್ಗುರುಗಳ ಅಧಿಕಾರವನ್ನು ತಳ್ಳಿಹಾಕಿದ್ದರೂ ಲತೀನ್ ಬಲಿಪೂಜೆಯನ್ನು ಉಳಿಸಿದ್ದನು. ಈಗ ಅದಕ್ಕೂ ಸಂಚಕಾರ ಬಂದಿತು. ಮೃತರ ಆತ್ಮಗಳಿಗಾಗಿ ಪೂಜೆ ನಡೆಸಲು ಬಿಟ್ಟಿದ್ದ ದತ್ತಿಗಳು 1547ರ ಶಾಸನದಿಂದ ರಾಜನ ಪಾಲಾದವು. 1548ರಲ್ಲಿ ಸಂತರ ಸ್ವರೂಪಗಳನ್ನೆಲ್ಲ ತೆಗೆಯಬೇಕೆಂದು ಆಜ್ಞೆಯಾಯಿತು. 1549ರ ಜೂನ್ 9, ಪೆಂತೆಕೋಸ್ತ ಹಬ್ಬದಂದು ಇಂಗ್ಲಿಷಿನ ಹೊಸ ಪ್ರಾರ್ಥನಾಗ್ರಂಥ ಕಡ್ಡಾಯವಾಯಿತು.

ಡೆವನ್ ಪ್ರಾಂತದ ಮೋರ್‌ಬಾತ್ ಎಂಬ ಸಣ್ಣ ಹಳ್ಳಿಯಲ್ಲಿ 1520ರಿಂದ 1574ರವರೆಗೆ ಸ್ವಾಮಿ ಕ್ರಿಸ್ಟೋಫರ್ ಟ್ರಿಕಿಯವರು ಗುರುಗಳಾಗಿದ್ದರು. ಅವರು ಬರೆದಿಟ್ಟ ದೇವಾಲಯದ ಲೆಕ್ಕಪುಸ್ತಕ ಇಂದಿಗೂ ಉಳಿದಿದೆ. ಸಂತರ ಹೆಸರಿನ ಕುರಿಗಳನ್ನು ಊರಿನವರು ತಮ್ಮ ಮಂದೆಯೊಡನೆ ಮೇಯಿಸುತ್ತಿದ್ದರು. ಅವುಗಳ ಉಣ್ಣೆಯ ಹಣದಿಂದ ಪೀಠದ ದೀಪ ಉರಿಯುತ್ತಿತ್ತು. ನಮ್ಮಲ್ಲಿ ತಾಯಂದಿರು ಹಿಡಿ ಅಕ್ಕಿ ತೆಗೆದಿಡುವಂತೆಯೇ ಅದು. ಮೃತರ ಪೂಜೆಗೆ ಬೇಕಾದ ಕರಿಯ ಪೂಜಾವಸ್ತ್ರಕ್ಕಾಗಿ ಗುರುಗಳು ಹಲವು ವರ್ಷ ಕಾಸಿಗೆ ಕಾಸು ಕೂಡಿಸಿದರು. ಬಾಲರಾಜನ ಆಳ್ವಿಕೆಯಲ್ಲಿ ಕುರಿಗಳೂ ಹೋದವು, ದೀಪಗಳೂ ಆರಿದವು, ಆ ಪೂಜೆಯೂ ನಿಂತಿತು. 1549ರಲ್ಲಿ ಪಶ್ಚಿಮ ಪ್ರಾಂತದ ಜನ ದಂಗೆಯೆದ್ದಾಗ ಈ ಬಡ ಹಳ್ಳಿಯು ತನ್ನ ಖರ್ಚಿನಲ್ಲೇ ಐವರು ಯುವಕರನ್ನು ಕಳುಹಿಸಿತು. ದಂಗೆಯು ರಕ್ತದಲ್ಲಿ ಮುಳುಗಿತು. ಸಾವಿರಾರು ಜನ ಮಡಿದರು.

ಸಾಮರ್ಸೆಟ್ಟನು ಅದೇ ವರ್ಷ ಅಧಿಕಾರ ಕಳೆದುಕೊಂಡು 1552ರಲ್ಲಿ ಶಿರಚ್ಛೇದಕ್ಕೆ ಗುರಿಯಾದನು. ರಾಜನು 1553ರ ಜುಲೈ 6ರಂದು ಹದಿನೈದರ ಹರೆಯದಲ್ಲೇ ಮಡಿದನು. ಅವನ ಅಕ್ಕ ಮೇರಿ ರಾಣಿಯಾಗಿ ಬಲಿಪೂಜೆಯನ್ನು ಮರಳಿ ತಂದಾಗ ಮೋರ್‌ಬಾತಿನ ಜನ ಮನೆಗಳಲ್ಲಿ ಜೋಪಾನವಾಗಿಟ್ಟಿದ್ದ ದೇವಾಲಯದ ವಸ್ತುಗಳನ್ನು ಒಂದೊಂದಾಗಿ ತಂದೊಪ್ಪಿಸಿದರು! ನಮ್ಮ ಪ್ರಶ್ನೆಗೆ ಇದೇ ಉತ್ತರ.

ಆದರೆ ಸತ್ಯವನ್ನು ಅರ್ಧ ನುಡಿಯಲಾಗದು. ಮೇರಿಯ ಕಾಲದಲ್ಲಿ ನಮ್ಮ ವಿಶ್ವಾಸದ ಹೆಸರಿನಲ್ಲೇ ಸುಮಾರು 280 ಮಂದಿಯನ್ನು ಸುಡಲಾಯಿತು. ರಾಜದಂಡ ಯಾರ ಕೈಯಲ್ಲಿದ್ದರೂ ಅದರಿಂದ ವಿಶ್ವಾಸ ಹುಟ್ಟದು.

ದೇಶಭಾಷೆಯ ಪ್ರಾರ್ಥನೆಯೇ ಕೆಡುಕೆಂದು ಯಾರೂ ಭಾವಿಸಬಾರದು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ದೇಶಭಾಷೆಗಳಿಗೆ ಬಾಗಿಲು ತೆರೆಯಿತು. ಅದರ ಫಲವಾಗಿ ಇಂದು ನಾವು ನಮ್ಮ ತಾಯಿನುಡಿಯಾದ ಕನ್ನಡದಲ್ಲಿ ಬಲಿಪೂಜೆಯನ್ನು ಅರ್ಪಿಸುತ್ತಿದ್ದೇವೆ. ಡೆವನ್ನಿನ ಜನರ ನೋವು ಭಾಷೆಯೊಂದರಿಂದಲೇ ಬಂದುದಲ್ಲ. ಅವರ ಮೃತರನ್ನೂ ಸಂತರನ್ನೂ ಅವರನ್ನು ಕೇಳದೆಯೇ ಕಿತ್ತುಕೊಂಡುದರಿಂದ ಬಂದುದು.

ಆದುದರಿಂದ ಈ ದೇವಾಲಯದಲ್ಲಿ ಮುಂದೆ ಏನನ್ನು ಬದಲಿಸುವಾಗಲೂ ಮೊದಲು ಅದನ್ನು ಹಿರಿಯರಿಗೆ ತಿಳಿಸಿ, ಅವರ ಮಾತನ್ನು ಕೇಳೋಣ. ಕಿರಿಯರಿಗೆ ಅದರ ಅರ್ಥವನ್ನು ಕಲಿಸೋಣ. ನಿಮ್ಮ ಮನೆಗಳಲ್ಲಿ ಪ್ರಾರ್ಥನೆ ಉಳಿದರೆ ಈ ದೇವಾಲಯವೂ ಉಳಿಯುವುದು.

ಪ್ರಭುವಿನ ಕೃಪೆ ನಿಮ್ಮೆಲ್ಲರೊಡನಿರಲಿ.