ಭಾರಿ ಫಿರಂಗಿ, ಬಡಕಲು ಎತ್ತು

ಕಬ್ಬು ಹೇರಿದ ಗಾಡಿ ಕೆಸರಿನಲ್ಲಿ ಹೂತರೆ ಏನು ಪಾಡೆಂದು ಯಲಿಯೂರಿನವರಿಗೆ ಹೇಳಬೇಕಾಗಿಲ್ಲ. ಲಾರ್ಡ್ ಕಾರ್ನ್‌ವಾಲಿಸ್ ಅದನ್ನು ಇಲ್ಲೇ ಸಮೀಪದಲ್ಲಿ, 1791ರ ಮೇ ತಿಂಗಳಿನಲ್ಲಿ ಕಲಿತ. ಶ್ರೀರಂಗಪಟ್ಟಣದ ಕೋಟೆ ಒಡೆಯಲು ಬೆಂಗಳೂರಿನಿಂದ ಭಾರಿ ಫಿರಂಗಿಗಳನ್ನು ಎಳೆಸಿಕೊಂಡು ಬಂದಿದ್ದ. ಮೇ 15ರಂದು ಅರಕೆರೆಯ ಬಳಿ ಕಾಳಗವಾಗಿ ಟಿಪ್ಪುವಿನ ಸೈನ್ಯ ಹಿಂದೆ ಸರಿದು ಕೋಟೆ ಸೇರಿತು. ಗೆದ್ದವನಿಗೆ ಮಾತ್ರ ಏನೂ ದಕ್ಕಲಿಲ್ಲ. ಸುತ್ತಲಿನ ಮೇವನ್ನು ಟಿಪ್ಪುವಿನ ಕಡೆಯವರು ಮೊದಲೇ ಸುಟ್ಟಿದ್ದರು. ಮೇಲೆ ಮಳೆ ಹಿಡಿಯಿತು. ಎತ್ತುಗಳು ಸಾಲುಸಾಲಾಗಿ ಸತ್ತವು. ಕಣ್ಣಂಬಾಡಿಯ ಕಡೆ ಹೊರಟಾಗ ಸಿಪಾಯಿಗಳೇ ಫಿರಂಗಿ ಎಳೆಯಬೇಕಾಯಿತು. ಕೊನೆಗೆ ಅಲ್ಲಿ ತನ್ನ ಫಿರಂಗಿಗಳನ್ನು ತಾನೇ ಒಡೆಸಿಹಾಕಿ ಹಿಂದಿರುಗಿದ.

ಒಂದೂವರೆ ಶತಮಾನದ ನಂತರ ಜರ್ಮನರ ಟೈಗರ್ ಟ್ಯಾಂಕಿಗೂ ಹೆಚ್ಚುಕಡಿಮೆ ಇದೇ ಗತಿ. ತೂಕ ಸುಮಾರು 57 ಟನ್. ಮುಂಭಾಗದ ಉಕ್ಕು 100 ಮಿಲಿಮೀಟರ್ ದಪ್ಪ, ತೋಪು 88 ಮಿಲಿಮೀಟರಿನದು. ಎದುರು ನಿಲ್ಲುವವರು ಕಡಿಮೆ, ನಿಜ. ಆದರೆ 1942ರಲ್ಲಿ ಲೆನಿನ್‌ಗ್ರಾಡಿನ ಬಳಿ ಮೊದಲ ಸಲ ಇಳಿದಾಗಲೇ ಜೌಗಿನಲ್ಲಿ ಸಿಕ್ಕಿಬಿದ್ದಿತು. ಚಕ್ರಗಳು ಒಂದರೊಳಗೊಂದು ಹೆಣೆದಿದ್ದವು. ಒಳಗಿನದೊಂದು ಕೆಟ್ಟರೆ ಹೊರಗಿನವನ್ನೂ ಬಿಚ್ಚಬೇಕು. ರಷ್ಯದ ಚಳಿಗೆ ನಡುವಿನ ಕೆಸರು ಹೆಪ್ಪುಗಟ್ಟಿ ಚಕ್ರವೇ ಉರುಳದು. ನಿಂತ ಟ್ಯಾಂಕನ್ನು ಎಳೆಯಲು ಎರಡು ಮೂರು ಭಾರಿ ಟ್ರಾಕ್ಟರು ಬೇಕು. ಅವು ಬಾರದಿದ್ದರೆ ಒಳಗಿದ್ದವರೇ ಅದನ್ನು ಸಿಡಿಸಿ ನಡೆಯುತ್ತಿದ್ದರು.

ಕಾರ್ನ್‌ವಾಲಿಸ್ 1792ರ ಫೆಬ್ರವರಿಯಲ್ಲಿ ಮತ್ತೆ ಬಂದ. ಈ ಸಲ ಲಂಬಾಣಿಗಳ ಎತ್ತಿನ ಹಿಂಡುಗಳ ಮೇಲೆ ದವಸ ಹೇರಿಸಿಕೊಂಡು. 1799ರಲ್ಲಿ ಪಟ್ಟಣ ಬಿದ್ದಾಗ ಕಂಪನಿ ಟಿಪ್ಪುವಿನ ಅಮೃತಮಹಲ್ ದನಗಳನ್ನೂ ವಶಪಡಿಸಿಕೊಂಡಿತು.