ಸಂಜೆಗೆ ಸೋಲುವ ತೋಳು

ನಾಗರಹಾವು ಕಚ್ಚಿದವರನ್ನು ಹತ್ತಿರದಿಂದ ಕಂಡವರಿಗೆ ಒಂದು ಸಂಗತಿ ಮರೆಯುವುದಿಲ್ಲ. ಮೊದಲು ಕಣ್ಣಿನ ರೆಪ್ಪೆ ಜೋತು ಬೀಳುತ್ತದೆ. ಆಮೇಲೆ ಒಂದು ವಸ್ತು ಎರಡಾಗಿ ಕಾಣುತ್ತದೆ, ಮಾತು ಮೂಗಿನಿಂದ ಬರುತ್ತದೆ, ಉಗುಳು ನುಂಗಲಾಗುವುದಿಲ್ಲ, ಕೊನೆಗೆ ಉಸಿರಾಟವೇ ಸೋಲುತ್ತದೆ. ಎರೆಹೊಲದಲ್ಲಿ ದುಡಿಯುವ ನಮ್ಮ ಕುಂದಗೋಳ ತಾಲೂಕಿನ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯಾವ ಹಾವೂ ಕಚ್ಚದೆ ಇವೇ ಲಕ್ಷಣಗಳು ನಿಧಾನವಾಗಿ, ತಿಂಗಳುಗಟ್ಟಲೆ ಆವರಿಸಿಕೊಳ್ಳುವ ಕಾಯಿಲೆಯೊಂದಿದೆ. ಅದರ ಹೆಸರು ಮಯಸ್ತೇನಿಯಾ ಗ್ರೇವಿಸ್. ಒಂದು ಲಕ್ಷ ಜನರಲ್ಲಿ ಹದಿನೈದು ಇಪ್ಪತ್ತು ಮಂದಿಗೆ ಇದ್ದೀತು. ಅಂದರೆ ನಮ್ಮ ಸಂಶಿಯಂಥ ಊರಿನಲ್ಲಿ ಒಬ್ಬರಿದ್ದರೆ ಹೆಚ್ಚು. ಆ ಒಬ್ಬ ನಾನು. ಮಾಸ್ತರಿಕೆಯಿಂದ ನಿವೃತ್ತನಾಗುವ ಹೊತ್ತಿಗೆ ಜೊತೆಯಾದ ಈ ಕಾಯಿಲೆಯೊಂದಿಗೆ ಹನ್ನೊಂದು ವರ್ಷ ಕಳೆದಿದ್ದೇನೆ. ಈ ಮಾತುಗಳನ್ನು ಕ್ಯಾಮೆರಾದ ಮುಂದೆ ನಡುನಡುವೆ ನಿಲ್ಲಿಸಿ, ನೀರು ಕುಡಿದು, ಗಲ್ಲಕ್ಕೆ ಕೈಯೂರಿ ಆಡಿದ್ದೇನೆ. ಓದುತ್ತಿರುವ ತಮಗೆ ಆ ತೊಂದರೆಯಿಲ್ಲ.

ಹಾವಿನ ಹೋಲಿಕೆಯನ್ನು ನಾನು ಮಾತಿನ ಚಂದಕ್ಕಾಗಿ ತಂದದ್ದಲ್ಲ. ಕೈ ಎತ್ತು ಎಂದು ಮಿದುಳು ಕಳಿಸಿದ ಅಪ್ಪಣೆ ನರದ ತುದಿಗೆ ಬಂದು, ಅಲ್ಲಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮೂಲಕ ಸ್ನಾಯುವಿಗೆ ದಾಟಬೇಕು. ಅದನ್ನು ಬರಮಾಡಿಕೊಳ್ಳಲು ಸ್ನಾಯುವಿನ ಮೇಲೆ ಬಾಗಿಲುಗಳಿವೆ. ನಾಗರಹಾವಿನ ವಿಷ ಆ ಬಾಗಿಲುಗಳಿಗೆ ಕೀಲಿ ಜಡಿಯುತ್ತದೆ. ನಮ್ಮಲ್ಲಿ ಆ ಕೆಲಸವನ್ನು ಮಾಡುವುದು ನಮ್ಮದೇ ರಕ್ತ. ರೋಗಾಣುಗಳ ಮೇಲೆ ಬೀಳಬೇಕಾದ ರಕ್ಷಣಾ ವಸ್ತುಗಳು ಈ ಬಾಗಿಲುಗಳನ್ನೇ ವೈರಿಯೆಂದು ಬಗೆದು ಕೆಡವುತ್ತವೆ. ವೈದ್ಯರು ಇಂಥವನ್ನು ಆಟೋಇಮ್ಯೂನ್ ಕಾಯಿಲೆ ಎನ್ನುತ್ತಾರೆ. ಬೇಲಿಯೇ ಎದ್ದು ಹೊಲ ಮೇಯುವುದು ಎಂದು ನಮ್ಮವರು ಇದಕ್ಕೆ ಮೊದಲೇ ಹೆಸರಿಟ್ಟಿದ್ದಾರೆ.

ಇದು ತಿಳಿದುಬಂದದ್ದೂ ಹಾವಿನಿಂದಲೇ. ತೈವಾನ್ ದೇಶದ ಒಂದು ಜಾತಿಯ ಕಟ್ಟುಹಾವಿನ ವಿಷದಿಂದ ಅಲ್ಲಿನ ವಿಜ್ಞಾನಿಗಳು 1963ರಲ್ಲಿ ಬೇರ್ಪಡಿಸಿದ ಒಂದು ಅಂಶ ಈ ಬಾಗಿಲುಗಳಿಗೆ ಮಾತ್ರ ಹೋಗಿ ಅಂಟಿಕೊಳ್ಳುತ್ತಿತ್ತು. ಅದನ್ನು ಬಳಸಿ, ಈ ರೋಗಿಗಳ ಸ್ನಾಯುವಿನಲ್ಲಿ ಬಾಗಿಲುಗಳ ಸಂಖ್ಯೆ ತೀರ ಕಡಿಮೆಯೆಂದು 1973ರಲ್ಲಿ ಅಮೆರಿಕದಲ್ಲಿ ಎಣಿಸಿ ತೋರಿಸಿದರು. ಅದೇ ವರ್ಷ ಪ್ಯಾಟ್ರಿಕ್ ಮತ್ತು ಲಿಂಡ್‌ಸ್ಟ್ರಾಮ್ ಎಂಬಿಬ್ಬರು ವಿದ್ಯುತ್ ಮೀನಿನಿಂದ ತೆಗೆದ ಇದೇ ವಸ್ತುವನ್ನು ಮೊಲಗಳಿಗೆ ಚುಚ್ಚಿದಾಗ, ಅದರ ವಿರುದ್ಧ ಎದ್ದ ಮೊಲಗಳ ರಕ್ಷಣಾ ವಸ್ತುಗಳು ಅವುಗಳ ಸ್ನಾಯುಗಳನ್ನೇ ಹಿಡಿದವು. ಮೊಲಗಳು ನಮ್ಮಂತೆಯೇ ಸೋತು ಮಲಗಿದವು.

ಔಷಧಿ ಮಾತ್ರ ಇದಕ್ಕೂ ಹಳೆಯದು. ಲಂಡನ್ನಿನ ಗ್ರೀನಿಚ್‌ನಲ್ಲಿ ಮೇರಿ ವಾಕರ್ ಎಂಬ ವೈದ್ಯೆ, ಈ ರೋಗಿಗಳು ಕ್ಯುರಾರೆ ಎಂಬ ಬಾಣದ ವಿಷ ತಗುಲಿದವರಂತೆಯೇ ಇದ್ದಾರಲ್ಲಾ ಎಂದು ಯೋಚಿಸಿ, ಆ ವಿಷಕ್ಕೆ ಕೊಡುವ ಪ್ರತಿಮದ್ದನ್ನು 1934ರಲ್ಲಿ ಒಬ್ಬ ರೋಗಿಗೆ ಚುಚ್ಚಿದರು. ಜೋತುಬಿದ್ದ ರೆಪ್ಪೆ ಮೇಲೆದ್ದಿತು. ಇಂದು ನಾವು ನುಂಗುವ ಪಿರಿಡೋಸ್ಟಿಗ್ಮಿನ್ ಮಾತ್ರೆ ಅದೇ ವಂಶದ್ದು. ನಾಗರಹಾವು ಕಚ್ಚಿದವರಿಗೆ ಆಸ್ಪತ್ರೆಯಲ್ಲಿ ವಿಷಮದ್ದಿನ ಜೊತೆ ಕೊಡುವ ನಿಯೋಸ್ಟಿಗ್ಮಿನ್ ಚುಚ್ಚುಮದ್ದೂ ಅದರ ಬಳಗದ್ದೇ.

ಇನ್ನು ಈ ಕಾಯಿಲೆಯ ಗುಣವಿಶೇಷಕ್ಕೆ ಬರೋಣ. ಮನೆಮನೆಗಳಲ್ಲಿ ಕಣ್ಣೀರು ಹಾಕಿಸುವುದು ಅದೇ. ಸ್ನಾಯು ದುಡಿದಷ್ಟೂ ಸೋಲುತ್ತದೆ, ವಿಶ್ರಾಂತಿ ಕೊಟ್ಟರೆ ಚೇತರಿಸಿಕೊಳ್ಳುತ್ತದೆ. ಬೆಳಿಗ್ಗೆ ಎದ್ದವರು ನೋಡಲು ಗಟ್ಟಿಯಾಗಿರುತ್ತಾರೆ. ಸಂಜೆಗೆ ತಲೆ ನಿಲ್ಲುವುದಿಲ್ಲ. ಜೋಳದ ರೊಟ್ಟಿ ಬಡಿಯಲು ಕುಳಿತ ಹೆಣ್ಣುಮಗಳು ಮೊದಲ ನಾಲ್ಕು ರೊಟ್ಟಿಯನ್ನು ಎಲ್ಲರಂತೆಯೇ ಬಡಿಯುತ್ತಾಳೆ. ಐದನೆಯದಕ್ಕೆ ತೋಳು ಏಳುವುದಿಲ್ಲ. ಸ್ವಲ್ಪ ಹೊತ್ತು ಗೋಡೆಗೊರಗಿದರೆ ಮತ್ತೆ ಎರಡು ಬಡಿದಾಳು. ಇದನ್ನು ಕಂಡ ಅತ್ತೆ ಏನೆಂದುಕೊಳ್ಳಬೇಕು? ಮನಸ್ಸಿದ್ದರೆ ಆಗುತ್ತದೆ, ಇಲ್ಲದಿದ್ದರೆ ಇಲ್ಲ ಎಂದುಕೊಳ್ಳುತ್ತಾಳೆ. ಮೆಣಸಿನಕಾಯಿ ಬಿಡಿಸುವ ಹೊಲದಲ್ಲಿ ಮಧ್ಯಾಹ್ನಕ್ಕೆ ಕೂತುಬಿಡುವವಳನ್ನು ಮೈಗಳ್ಳಿ ಎನ್ನುತ್ತಾರೆ. ಜ್ವರವಿಲ್ಲ, ನೋವಿಲ್ಲ, ಬಾವಿಲ್ಲ. ತೋರಿಸಲು ಏನೂ ಇಲ್ಲ. ಬೆಳಗಿನ ಹೊತ್ತು ವೈದ್ಯರ ಮುಂದೆ ಕುಳಿತರೆ ಅವರಿಗೂ ಏನೂ ಕಾಣದಿರಬಹುದು. ನನಗೆ ಮೊದಲು ಕನ್ನಡಕ ಬದಲಾಯಿಸಿದರು, ಆಮೇಲೆ ಬಲವರ್ಧಕ ಚುಚ್ಚುಮದ್ದು ಹಾಕಿದರು, ದೃಷ್ಟಿಯನ್ನೂ ತೆಗೆದರು. ಹೆಸರು ತಿಳಿಯಲು ಒಂದೂವರೆ ವರ್ಷ ಹಿಡಿಯಿತು. ಒಬ್ಬ ಕಣ್ಣಿನ ವೈದ್ಯರು ಜೋತುಬಿದ್ದ ರೆಪ್ಪೆಯ ಮೇಲೆ ಎರಡು ನಿಮಿಷ ಮಂಜುಗಡ್ಡೆಯ ಗಂಟು ಇಟ್ಟರು, ರೆಪ್ಪೆ ಎದ್ದಿತು. ಅಲ್ಲಿಂದ ರಕ್ತಪರೀಕ್ಷೆಗೆ, ನರರೋಗ ವಿಭಾಗಕ್ಕೆ ದಾರಿಯಾಯಿತು.

ಹೆಸರು ಸಿಕ್ಕಿತು, ಮಾತ್ರೆ ಸಿಕ್ಕಿತು. ಆದರೆ ದಿನ ಕಳೆಯುವುದು ಹೇಗೆ ಎಂಬುದನ್ನು ಯಾರೂ ಬರೆದುಕೊಡಲಿಲ್ಲ. ಸಕ್ಕರೆ ಕಾಯಿಲೆಯವರು ಪ್ರತಿ ಓಣಿಯಲ್ಲಿದ್ದಾರೆ. ಕಟ್ಟೆಯ ಮೇಲೆ ಕುಳಿತು ಪಥ್ಯ ಮಾತಾಡಿಕೊಳ್ಳುತ್ತಾರೆ. ಅಪರೂಪದ ಕಾಯಿಲೆಯವನಿಗೆ ಅಂಥ ಕಟ್ಟೆ ಊರಲ್ಲಿ ಸಿಗುವುದಿಲ್ಲ. ನನಗೆ ಸಿಕ್ಕಿದ್ದು ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಬೆಂಚಿನ ಮೇಲೆ. ಸಂಶಿ ನಿಲ್ದಾಣದಿಂದ ಹುಬ್ಬಳ್ಳಿಗೆ ಹೋಗುವ ಈ ಹಳಿಯ ಮೇಲೆ ಒಂದು ಕಾಲದಲ್ಲಿ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ, ಸವಾಯಿ ಗಂಧರ್ವರಲ್ಲಿ ಪಾಠಕ್ಕೆಂದು ಬರುತ್ತಿದ್ದರು. ನಾನು ಎದುರು ದಿಕ್ಕಿಗೆ ಹೋಗಿ ಕಲಿತೆ. ನನ್ನ ಗುರು ಒಬ್ಬ ದರ್ಜಿ. ಆತ ನನ್ನ ರೆಪ್ಪೆ ನೋಡಿದ, ನಾನು ಆತನ ರೆಪ್ಪೆ ನೋಡಿದೆ. ‘ಊಟಕ್ಕ ಎಷ್ಟು ಮೊದಲ ಗುಳಿಗಿ ತಗೋತೀರಿ?’ ಎಂಬುದು ಆತ ಕೇಳಿದ ಮೊದಲ ಪ್ರಶ್ನೆ.

ಪ್ರಶ್ನೆ ಸಣ್ಣದು. ಆದರೆ ಈ ಮಾತ್ರೆ ಕೆಲಸ ಆರಂಭಿಸಲು ಅರ್ಧ ಮುಕ್ಕಾಲು ಗಂಟೆ ಬೇಕು, ಮೂರು ನಾಲ್ಕು ಗಂಟೆಗೆ ಅದರ ಬಲ ಮುಗಿಯುತ್ತದೆ. ಊಟವಾದ ಮೇಲೆ ನುಂಗಿದರೆ, ಊಟದ ಹೊತ್ತಿಗೆ ದವಡೆ ಸೋತಿರುತ್ತದೆ. ಆತ ಹೇಳಿದ್ದನ್ನು ವೈದ್ಯರಲ್ಲಿ ಕೇಳಿ ಖಚಿತಪಡಿಸಿಕೊಂಡು ಹೊತ್ತು ಬದಲಿಸಿದ ವಾರದಲ್ಲಿ, ಬಹಳ ದಿನಗಳ ನಂತರ ನಾನು ಹೆಂಡತಿ ಮಕ್ಕಳ ಜೊತೆ ಕುಳಿತು ಒಂದು ಊಟ ಪೂರ್ತಿ ಉಂಡೆ. ಆತ ಕಲಿಸಿದ್ದು ಇನ್ನೂ ಇದೆ. ದೊಡ್ಡ ಊಟವನ್ನು ಬೆಳಗಿನ ಹೊತ್ತಿಗೆ ತಂದುಕೊಳ್ಳಬೇಕು, ಕಟಕ ರೊಟ್ಟಿ ಬಿಟ್ಟು ಬಿಸಿರೊಟ್ಟಿಯನ್ನು ಸಾರಿನಲ್ಲೋ ಹಾಲಿನಲ್ಲೋ ನೆನೆಸಬೇಕು, ನುಂಗುವಾಗ ಮಾತಾಡಬಾರದು. ಬೇಸಿಗೆಯ ಬಿಸಿಲಿನಲ್ಲಿ ನಾವು ಇನ್ನಷ್ಟು ಸೋಲುತ್ತೇವಾದ್ದರಿಂದ ಪೇಟೆಯ ಕೆಲಸ ಒಂಬತ್ತರೊಳಗೆ ಮುಗಿಯಬೇಕು. ಸಂಜೆಯ ಮುಖದ ಫೋಟೊ ತೆಗೆದಿಟ್ಟುಕೊಂಡು ಬೆಳಿಗ್ಗೆ ವೈದ್ಯರಿಗೆ ತೋರಿಸಬೇಕು. ಈ ಕೊನೆಯದು ಎಷ್ಟು ಸರಳ, ಆದರೂ ನನಗೆ ಹೊಳೆದಿರಲಿಲ್ಲ.

ಇಬ್ಬರಿದ್ದವರು ಈಗ ಐವರಾಗಿದ್ದೇವೆ. ಸಂಘವೆನ್ನಲು ಬೋರ್ಡಿಲ್ಲ, ರಸೀದಿಯಿಲ್ಲ. ತಿಂಗಳಿಗೊಮ್ಮೆ ತಪಾಸಣೆಗೆ ಒಂದೇ ದಿನ ಹೋಗುತ್ತೇವೆ, ಭಾನುವಾರ ಬೆಳಿಗ್ಗೆ ಫೋನಿನಲ್ಲಿ ಮಾತಾಡುತ್ತೇವೆ. ಬೆಳಿಗ್ಗೆಯೇ, ಏಕೆಂದರೆ ಸಂಜೆಗೆ ಧ್ವನಿ ಇರುವುದಿಲ್ಲ. ಒಬ್ಬರ ಮಾತ್ರೆಯ ಪ್ರಮಾಣವನ್ನು ಇನ್ನೊಬ್ಬರಿಗೆ ಸೂಚಿಸಬಾರದು ಎಂಬುದು ನಮ್ಮ ಒಂದೇ ನಿಯಮ. ಸ್ಟಿರಾಯ್ಡ್ ಮಾತ್ರೆಯನ್ನು ತಾನಾಗಿ ಹಠಾತ್ತನೆ ನಿಲ್ಲಿಸಿದರೆ ಜೀವಕ್ಕೇ ಕುತ್ತು. ಜೊತೆಗಾರ ವೈದ್ಯನಾಗಲು ಹೊರಟರೆ ಜೊತೆಯೂ ಕೆಡುತ್ತದೆ, ವೈದ್ಯವೂ ಕೆಡುತ್ತದೆ.

ಹಾಗಾದರೆ ಜೊತೆಗಾರ ಕೊಡುವುದೇನು? ಕಾಯುವ ಧೈರ್ಯ, ಮುಖ್ಯವಾಗಿ. ಅಜಾಥಯೋಪ್ರಿನ್ ಎಂಬ ಔಷಧಿ ಗುಣ ತೋರಲು ಆರು ತಿಂಗಳು, ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ. ಮೂರನೆಯ ತಿಂಗಳಿಗೆ ಯಾರಿಗಾದರೂ ಬೇಸರ ಬರುತ್ತದೆ. ಆಗ ನಾಟಿ ಬೇರಿನ ಸುದ್ದಿ ಕಿವಿಗೆ ಬೀಳುತ್ತದೆ. ಎದೆಗೂಡಿನೊಳಗಿನ ಥೈಮಸ್ ಗ್ರಂಥಿಯನ್ನು ತೆಗೆಸಿದರೆ ಹಲವರಿಗೆ ಅನುಕೂಲವೆಂದು 2016ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದು ತೋರಿಸಿದೆ. ಆದರೆ ಎದೆ ಕೊಯ್ಯುತ್ತಾರೆಂದರೆ ಯಾರು ಹೆದರುವುದಿಲ್ಲ? ನಮ್ಮಲ್ಲೊಬ್ಬ ತಾಯಿ ತನ್ನ ಹಳೆಯ ಗಾಯದ ಗುರುತನ್ನು ಹೊಸ ಹುಡುಗಿಗೆ ಆಸ್ಪತ್ರೆಯ ಪರದೆಯ ಮರೆಯಲ್ಲಿ ತೋರಿಸಿದಳು. ಹುಡುಗಿ ಮರುದಿನ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದಳು.

ಇನ್ನೊಂದು ಸಂಗತಿ ಹೇಳಲೇಬೇಕು. ದೊಡ್ಡ ಉಸಿರೆಳೆದು, ಒಂದೇ ಉಸಿರಿನಲ್ಲಿ ಒಂದು ಎರಡು ಎಂದು ಎಣಿಸುತ್ತ ಹೋಗುವ ಒಂದು ಪರೀಕ್ಷೆಯನ್ನು ವೈದ್ಯರು ನಮಗೆ ಕಲಿಸಿದ್ದಾರೆ. ಆರೋಗ್ಯವಂತರು ಐವತ್ತರ ಹತ್ತಿರ ಹೋಗುತ್ತಾರೆ. ಇಪ್ಪತ್ತರ ಕೆಳಗೆ ಬಂದರೆ ಎಚ್ಚರ. ಮೂರು ವರ್ಷದ ಹಿಂದೆ ಒಂದು ರಾತ್ರಿ ನಮ್ಮ ಗುಂಪಿನ ಒಬ್ಬ ಹೆಣ್ಣುಮಗಳ ಫೋನು ಬಂತು. ಜ್ವರಕ್ಕೆಂದು ಊರಲ್ಲೇ ಚುಚ್ಚುಮದ್ದು ಹಾಕಿಸಿಕೊಂಡಿದ್ದಳು. ಮಾತು ತೊದಲುತ್ತಿತ್ತು. ಎಣಿಸು ಎಂದೆ. ಹನ್ನೊಂದಕ್ಕೆ ನಿಂತಳು. ಬೆಳಗಾಗಲಿ ಎನ್ನುತ್ತಿದ್ದ ಮಗನಿಗೆ, ಬೇಡ, ಈಗಲೇ 108ಕ್ಕೆ ಕರೆ ಮಾಡು ಎಂದು ದರ್ಜಿ ಒಂದು ಕಡೆಯಿಂದ, ನಾನು ಇನ್ನೊಂದು ಕಡೆಯಿಂದ ಹಟ ಹಿಡಿದೆವು. ಒಂಬತ್ತು ದಿನ ಆಕೆ ಉಸಿರಾಟದ ಯಂತ್ರದ ಮೇಲಿದ್ದಳು. ರಕ್ತದ ದ್ರವ ಬದಲಿಸುವ ಚಿಕಿತ್ಸೆಯಾಯಿತು. ಮನೆಗೆ ಮರಳಿದಳು.

ಅಂದಿನಿಂದ ನಾವೆಲ್ಲ ಜೇಬಿನಲ್ಲಿ, ಸೆರಗಿನ ಗಂಟಿನಲ್ಲಿ ಒಂದು ಚೀಟಿ ಇಟ್ಟುಕೊಂಡಿದ್ದೇವೆ. ಕಾಯಿಲೆಯ ಹೆಸರು, ನುಂಗುವ ಮಾತ್ರೆ, ನಮ್ಮ ವೈದ್ಯರ ದೂರವಾಣಿ, ಮತ್ತು ನಮ್ಮಲ್ಲಿ ಕಾಯಿಲೆಯನ್ನು ಕೆರಳಿಸಬಲ್ಲ ಔಷಧಿಗಳು: ಜೆಂಟಾಮೈಸಿನ್, ಅಮಿಕಾಸಿನ್, ಸಿಪ್ರೊಫ್ಲಾಕ್ಸಸಿನ್, ಅಜಿತ್ರೊಮೈಸಿನ್, ಕ್ವಿನೈನ್, ಪ್ರೊಪ್ರನಲಾಲ್, ಮೆಗ್ನೀಸಿಯಮ್ ಚುಚ್ಚುಮದ್ದು. ಪಟ್ಟಿ ಇಲ್ಲಿಗೇ ಮುಗಿಯುವುದಿಲ್ಲ; ತಮ್ಮ ವೈದ್ಯರಿಂದಲೇ ಬರೆಸಿಕೊಳ್ಳಿರಿ.

ಇಂಥ ಜೊತೆಗಾರಿಕೆ ಹೊಸದೇನಲ್ಲ. ಅಮೆರಿಕದಲ್ಲಿ ಜೇನ್ ಎಲ್ಸ್‌ವರ್ತ್ ಎಂಬ ತಾಯಿ, ಮಗಳಿಗೆ ಈ ಕಾಯಿಲೆ ಬಂದಾಗ, 1952ರಲ್ಲಿ ಇದಕ್ಕಾಗಿಯೇ ಒಂದು ಪ್ರತಿಷ್ಠಾನ ಕಟ್ಟಿದಳು; ಅದು ಇಂದಿಗೂ ನಡೆಯುತ್ತಿದೆ. ನಮ್ಮ ಅಮಿತಾಭ್ ಬಚ್ಚನ್ನರಿಗೂ 1984ರ ಸುಮಾರಿಗೆ ಇದೇ ಕಾಯಿಲೆ ಪತ್ತೆಯಾಗಿತ್ತು. ನಂಬದ ನೆಂಟರ ಮುಂದೆ ವೈದ್ಯರ ಚೀಟಿಗಿಂತ ಆ ಹೆಸರೇ ಹೆಚ್ಚು ಕೆಲಸ ಮಾಡುತ್ತದೆಂಬುದು ನನ್ನ ಅನುಭವ! ಅಪರೂಪದ ಕಾಯಿಲೆಗಳವರಿಗಾಗಿ ಬೆಂಗಳೂರಿನಲ್ಲಿ ಆರ್ಗನೈಜೇಷನ್ ಫಾರ್ ರೇರ್ ಡಿಸೀಸಸ್ ಇಂಡಿಯಾ ಎಂಬ ಸಂಸ್ಥೆಯಿದೆ. ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ನರ-ಸ್ನಾಯು ರೋಗಗಳಿಗೆ ಪ್ರತ್ಯೇಕ ಚಿಕಿತ್ಸಾಲಯವಿದೆ. ಆದರೆ ನಮ್ಮ ಹಳ್ಳಿಯವರಿಗೆ ಹತ್ತಿರದ ದಾರಿ ಬೇರೆ: ತಮಗೆ ಚಿಕಿತ್ಸೆ ಕೊಡುವ ವೈದ್ಯರನ್ನೋ ಅಲ್ಲಿನ ದಾದಿಯನ್ನೋ ಕೇಳಿರಿ, ‘ನನ್ನಂಥವರು ಇನ್ನೊಬ್ಬರು ಬಂದರೆ, ಅವರು ಒಪ್ಪಿದರೆ, ನನ್ನ ಫೋನ್ ನಂಬರ್ ಕೊಡಿ’ ಎಂದು. ಇನ್ನೊಬ್ಬರ ಹೆಸರು ತಮಗೆ ಕೊಡಲು ಅವರು ಹಿಂಜರಿಯುತ್ತಾರೆ, ಅದು ಸರಿಯೇ. ತಮ್ಮ ನಂಬರನ್ನು ಇನ್ನೊಬ್ಬರಿಗೆ ಕೊಡಲು ಅಡ್ಡಿಯಿಲ್ಲ. ಮಯಸ್ತೇನಿಯಾ ಇರಲಿ, ಲೂಪಸ್ ಇರಲಿ, ಪೆಂಫಿಗಸ್ ಇರಲಿ, ಈ ದಾರಿ ಒಂದೇ.

ಹೋಗುವಾಗ ಮನೆಯವರನ್ನೂ ಕರೆದುಕೊಂಡು ಹೋಗಿರಿ. ನಾನು ಮೇಲೆ ಹೇಳಿದ ರೊಟ್ಟಿಯ ಹೆಣ್ಣುಮಗಳು ನಮ್ಮ ಐವರಲ್ಲಿ ಒಬ್ಬಳು. ಗಂಡ ಹೇಳಿದ್ದನ್ನು, ವೈದ್ಯರು ಹೇಳಿದ್ದನ್ನು ಆಕೆಯ ಅತ್ತೆ ನಂಬಿರಲಿಲ್ಲ. ಒಂದು ತಪಾಸಣೆಯ ದಿನ ಆ ಅತ್ತೆ ಬೆಂಚಿನ ಮೇಲೆ, ಎದೆಯ ಗಾಯ ತೋರಿಸಿದ ತಾಯಿಯ ಅತ್ತೆಯ ಪಕ್ಕ ಕುಳಿತಳು. ಇಬ್ಬರು ಮುದುಕಿಯರೂ ಎಲೆಅಡಿಕೆ ಹಾಕಿಕೊಂಡು ಎರಡು ತಾಸು ಏನೇನು ಮಾತಾಡಿದರೋ ನಮಗೆ ಕೇಳಿಸಲಿಲ್ಲ. ಈಗ ಆ ಮನೆಯಲ್ಲಿ ಮೊದಲ ನಾಲ್ಕು ರೊಟ್ಟಿ ಸೊಸೆ ಬಡಿಯುತ್ತಾಳೆ, ಉಳಿದವನ್ನು ಅತ್ತೆ.