ಪಕ್ಷಗಳು ಎರಡೋ, ಹಲವೋ?

ಸರ್ಕಾರ ಸ್ಥಿರವಾಗಿರಬೇಕಾದರೆ ಎರಡೇ ಪಕ್ಷಗಳಿರಬೇಕು. ಹಲವು ಪಕ್ಷಗಳ ಕೂಟ ಬಾಳದು ಎಂಬ ಮಾತನ್ನು ನಾವು ಪಾಠದಂತೆ ಒಪ್ಪಿಕೊಂಡಿದ್ದೇವೆ. ಇದಕ್ಕೆ ನಿದರ್ಶನವಿಲ್ಲದೆ ಇಲ್ಲ. ಫ್ರಾನ್ಸಿನ ನಾಲ್ಕನೆಯ ಗಣರಾಜ್ಯವು 1946ರಿಂದ 1958ರವರೆಗಿನ 12 ವರ್ಷಗಳಲ್ಲಿ 20ಕ್ಕೂ ಹೆಚ್ಚು ಮಂತ್ರಿಮಂಡಲಗಳನ್ನು ಕಂಡಿತು.

ಆದರೆ ಎರಡು ಪಕ್ಷಗಳ ಪದ್ಧತಿಯೂ ನಿರ್ದುಷ್ಟವಲ್ಲ. ಬ್ರಿಟನ್ನಿನ 1951ರ ಚುನಾವಣೆಯಲ್ಲಿ ಹೆಚ್ಚು ಮತಗಳು ಬಂದುದು ಲೇಬರ್ ಪಕ್ಷಕ್ಕೆ. ಹೆಚ್ಚು ಸ್ಥಾನಗಳೂ ಅಧಿಕಾರವೂ ದೊರೆತುದು ಕನ್ಸರ್ವೇಟಿವ್ ಪಕ್ಷಕ್ಕೆ. ಒಂದು ಕ್ಷೇತ್ರದಲ್ಲಿ ಎಷ್ಟೇ ಅಂತರದಿಂದ ಗೆದ್ದರೂ ಬರುವುದು ಒಂದೇ ಸ್ಥಾನವಲ್ಲವೆ? ಸ್ಥಿರತೆಯ ಬೆಲೆಯನ್ನು ಅಲ್ಲಿ ಮತದಾರನೇ ತೆತ್ತನು.

ಹಾಗಾದರೆ ದೋಷ ಪಕ್ಷಗಳ ಸಂಖ್ಯೆಯಲ್ಲಿದೆಯೆ? ಸರ್ಕಾರವನ್ನು ಕೆಡವುವುದಕ್ಕೆ ಮಾತ್ರ ಒಂದಾಗುತ್ತಿದ್ದ ವಿರೋಧಿಗಳನ್ನು ಜರ್ಮನರು ವೈಮಾರ್ ಗಣರಾಜ್ಯದ ಕಾಲದಲ್ಲಿ ಕಂಡಿದ್ದರು. ಆದುದರಿಂದ ಪಶ್ಚಿಮ ಜರ್ಮನಿಯ 1949ರ ರಾಜ್ಯಾಂಗದಲ್ಲಿ ಒಂದು ನಿಯಮವನ್ನಿಟ್ಟರು: ಚಾನ್ಸಲರನನ್ನು ಅವಿಶ್ವಾಸದಿಂದ ಇಳಿಸಬೇಕೆನ್ನುವ ಸಭೆಯು ಅದೇ ಮತದಿಂದ ಅವನ ಉತ್ತರಾಧಿಕಾರಿಯನ್ನು ಆರಿಸಬೇಕು. 1982ರಲ್ಲಿ ಮಿತ್ರಪಕ್ಷವು ಕೈಬಿಟ್ಟಾಗ ಹೆಲ್ಮುಟ್ ಶ್ಮಿಟ್ಟರು ಇಳಿದರು. ಅದೇ ಮತದಿಂದ ಹೆಲ್ಮುಟ್ ಕೋಲರು ಆಯ್ಕೆಯಾದರು. ದೇಶ ಒಂದು ದಿನವೂ ಅನಾಯಕವಾಗಲಿಲ್ಲ.

ಅವಿಭಕ್ತ ಕುಟುಂಬ ಒಡೆಯುವುದು ಅಣ್ಣತಮ್ಮಂದಿರು ಹೆಚ್ಚಾದುದರಿಂದಲ್ಲ, ಹೊಣೆ ಯಾರದೆಂದು ತಿಳಿಯದುದರಿಂದ. ಪಕ್ಷಗಳನ್ನು ಎಣಿಸುವ ಮೊದಲು ನಾವು ಕೇಳಬೇಕಾದ ಪ್ರಶ್ನೆ ಒಂದಿದೆ: ಇರುವವರನ್ನು ಬೀಳಿಸಿದ ಮೇಲೆ ಆಳುವವರಾರು?